ಲಿನಕ್ಸ್ ಮಿಂಟ್ ಹಾಕುವಾಗ ನಡುದಾರಿಯಲ್ಲಿ ಆರಿಹೋಗುವ 2010ರ ಲ್ಯಾಪ್‌ಟಾಪ್: ತಪ್ಪು ಎಲ್ಲಿದೆ?

ವಿಜ್ಞಾನದ ಮೇಷ್ಟ್ರು (ಶನಿವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಂಪ್ಯೂಟರಿನಲ್ಲಿ ನನ್ನ ವಿದ್ಯೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡುವಷ್ಟರದು.

ಮಗ ಎಂಜಿನಿಯರಿಂಗಿಗೆ ಸೇರಿದಾಗ, 2010ರಲ್ಲಿ, ಕೊಡಿಸಿದ ಲ್ಯಾಪ್‌ಟಾಪ್ ಮನೆಯಲ್ಲಿದೆ. ಇಂಟೆಲ್ ಕೋರ್ 2 ಡ್ಯುಯೊ ಟಿ6600, 3 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಬ್ಯಾಟರಿ ಸತ್ತು ಆರು ವರ್ಷವಾಯಿತು. ಅದನ್ನು ತೆಗೆದಿಟ್ಟು ಅಡಾಪ್ಟರಿನ ಮೇಲೆಯೇ ನಡೆಸುತ್ತೇನೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಪೋಷಣೆ ನಿಂತಿದೆಯಂತೆ. ಈಗ ಅದರ ಬ್ರೌಸರಿನಲ್ಲಿ ಅರ್ಧಕ್ಕರ್ಧ ಜಾಲತಾಣಗಳು ತೆರೆಯುವುದಿಲ್ಲ. ನಮ್ಮ ತಂದೆ ತಾಳಮದ್ದಲೆಯ ಅರ್ಥಧಾರಿಗಳು. ಅವರು ಬರೆದಿಟ್ಟ ನಾಲ್ಕು ನೋಟ್‌ಬುಕ್ಕುಗಳನ್ನು ಗೆದ್ದಲು ತಿನ್ನುವುದರೊಳಗೆ ಟೈಪು ಮಾಡಿ ಮುಗಿಸಬೇಕು. ನನಗೆ ಬೇಕಾದದ್ದು ಅಷ್ಟೇ. ಅಳಿಯ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಎಂದು ಪೆನ್‌ಡ್ರೈವ್ ಮಾಡಿಕೊಟ್ಟು ಹೋದ, ಎಕ್ಸ್‌ಎಫ್‌ಸಿಇ ಆವೃತ್ತಿ.

ಪೆನ್‌ಡ್ರೈವಿನಿಂದ ಬೂಟ್ ಆಗುತ್ತದೆ. ಮೇಜಿನ ಪರದೆ ಬರುತ್ತದೆ. ಇನ್‌ಸ್ಟಾಲ್ ಒತ್ತಿದರೆ ಕಡತಗಳನ್ನು ನಕಲು ಮಾಡುವ ಹಂತದಲ್ಲಿ ಫಟ್ಟನೆ ಆರಿಹೋಗುತ್ತದೆ. ನೀಲಿ ಪರದೆಯಿಲ್ಲ, ಸಂದೇಶವಿಲ್ಲ, ಕತ್ತಲೆ. ಪ್ರಯೋಗಾಲಯದ ಚಾಳಿ ಬಿಡದೆ ಗುರುತು ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಶುರುಮಾಡಿದ್ದು 24 ನಿಮಿಷ ನಡೆಯಿತು. ಮಧ್ಯಾಹ್ನ ಎರಡಕ್ಕೆ 13 ನಿಮಿಷ. ಆರಿದ ಕೂಡಲೇ ಮತ್ತೆ ಹಾಕಿದಾಗ 6. ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂದು ಕಂಡಿತು, ಹಳೆಯ ಯಂತ್ರಕ್ಕೆ ಒಳ್ಳೆಯದಿರಬಹುದು ಎಂದು ಅದರಲ್ಲಿ ಹಾಕಿದರೆ 5 ನಿಮಿಷ! ಪೆನ್‌ಡ್ರೈವ್ ಬದಲಿಸಿದೆ. ಮಿಂಟ್ ಬಿಟ್ಟು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಪ್ರಯತ್ನಿಸಿದೆ. ಅದೂ ಆರಿತು.

ಇದರ ಜೊತೆಗೆ ಇನ್ನೆರಡು ತಂಟೆ. ವೈಫೈ ಇದೆಯೆಂದೇ ಮಿಂಟ್ ಒಪ್ಪುತ್ತಿಲ್ಲ. ಮತ್ತೆ, ಕರೆಂಟು ಹೋಗಿ ಬಂದರೆ ಬಯಾಸ್‌ನಲ್ಲಿ (ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಏಳುವ, ಬೋರ್ಡಿನದೇ ತಂತ್ರಾಂಶ) ತಾರೀಕು 2009ರ ಜನವರಿ 1 ಆಗಿರುತ್ತದೆ. ಆದರೆ ಅದೇ ಹೊತ್ತಿಗೆ ಮಿಂಟ್ ಒಳಗೆ ಹೋಗಿ ನೋಡಿದರೆ ಹೋದ ವರ್ಷದ ಯಾವುದೋ ಮಂಗಳವಾರ ತೋರಿಸುತ್ತದೆ. 2009ಕ್ಕೂ ಇಂದಿಗೂ ನಡುವೆ ಆ ಮಂಗಳವಾರ ಎಲ್ಲಿಂದ ಬಂತು ಎಂಬುದು ನಿದ್ದೆಗೆಡಿಸಿದೆ.

ಲಿನಕ್ಸ್ ಈ ಯಂತ್ರಕ್ಕೆ ಒಗ್ಗುವುದಿಲ್ಲವೇ? ದಯವಿಟ್ಟು ತಿಳಿದವರು ಹೇಳಿ.

ಎಂಟನೇ ಮಹಡಿ (ಶನಿವಾರ, ರಾತ್ರಿ 9.32)

ಸರ್, ಹದಿನೈದು ವರ್ಷ ದಾಟಿದ ಯಂತ್ರ. ಅದಕ್ಕೆ ಇಷ್ಟು ಶ್ರಮ ಏಕೆ? ಸೆಕೆಂಡ್ ಹ್ಯಾಂಡ್‌ನಲ್ಲಿ ಕಚೇರಿಗಳು ಹೊರಹಾಕಿದ ಒಳ್ಳೆಯ ಲ್ಯಾಪ್‌ಟಾಪ್ ಸಿಗುತ್ತವೆ. ಒಂದನ್ನು ತೆಗೆದುಕೊಂಡರೆ ಅರ್ಧ ಗಂಟೆಯ ಕೆಲಸ.

ಕಪ್ಪು ಪರದೆ (ಶನಿವಾರ, ರಾತ್ರಿ 10.05)

ಮೇಷ್ಟ್ರೇ, ಯಂತ್ರ ಎಸೆಯುವ ಮುಂಚೆ ಎರಡು ಪರೀಕ್ಷೆ ಮಾಡೋಣ. ಮೊದಲನೆಯದು ರ‍್ಯಾಮ್. ಮಿಂಟ್ ಪೆನ್‌ಡ್ರೈವಿನ ಮೊದಲ ಮೆನುವಿನಲ್ಲೇ ಮೆಮೊರಿ ಟೆಸ್ಟ್ ಎಂಬ ಸಾಲು ಇದೆ. ಅದನ್ನು ಆರಿಸಿ ಒಂದು ಸುತ್ತು ಪೂರ್ತಿ ಓಡಲು ಬಿಡಿ. ಕೆಂಪು ಸಾಲು ಒಂದು ಬಂದರೂ ಆ ರ‍್ಯಾಮ್ ಪಟ್ಟಿ ಹಾಳೆಂದೇ ಲೆಕ್ಕ. ಎರಡನೆಯದು ಡಿಸ್ಕ್. ಮಿಂಟ್ ಒಳಗೆ ಡಿಸ್ಕ್ಸ್ ಎಂಬ ತಂತ್ರಾಂಶ ತೆರೆದು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ, ನೋಡಿ. ರೀಅಲೊಕೇಟೆಡ್ ಸೆಕ್ಟರ್ ಮತ್ತು ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ ಮತ್ತು ಅನುಮಾನದ ಜಾಗಗಳ ಲೆಕ್ಕ) ಇವೆರಡರ ಮುಂದೆ ಸೊನ್ನೆ ಇದ್ದರೆ ಡಿಸ್ಕ್ ಮೇಲೆ ಅನುಮಾನ ಬೇಡ.

ವೈಫೈಗೆ ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪಿಸುವ ಕಿಟಕಿ) ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್‌ಎನ್ ಎಂಬ ಆಯ್ಕೆಯೊಂದಿಗೆ ಕೊಟ್ಟು, ನೆಟ್‌ವರ್ಕ್ ಸಾಲಿನ ಕೊನೆಯಲ್ಲಿ ಚೌಕಾವರಣದಲ್ಲಿ ಬರುವ ಸಂಖ್ಯೆಯನ್ನು ಇಲ್ಲಿ ಹಾಕಿ. ಜೊತೆಗೆ, ವೈಫೈಯನ್ನು ಯಾವುದಾದರೂ ತಡೆದಿದೆಯೇ ಎಂದು ಹೇಳುವ ಆರ್‌ಎಫ್‌ಕಿಲ್ ಲಿಸ್ಟ್ ಕೊಟ್ಟಾಗ ಏನು ಬರುತ್ತದೆ ಎಂದೂ ತಿಳಿಸಿ. (ಇಲ್ಲಿ ಕನ್ನಡದಲ್ಲಿ ಬರೆದರೂ ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಬೇಕು.)

ವಿಜ್ಞಾನದ ಮೇಷ್ಟ್ರು (ಭಾನುವಾರ, ಮಧ್ಯಾಹ್ನ 12.20)

ಎಂಟನೇ ಮಹಡಿಯವರಿಗೆ: ನನಗೂ ಅರವತ್ತೇಳು ದಾಟಿದೆ. ಮನೆಯವರು ಇನ್ನೂ ಇಟ್ಟುಕೊಂಡಿದ್ದಾರೆ.

ಕಪ್ಪು ಪರದೆಯವರೇ, ಹೇಳಿದ್ದನ್ನೆಲ್ಲ ಮಾಡಿದೆ. ಡಿಸ್ಕಿನ ಎರಡೂ ಸಾಲಿನಲ್ಲಿ ಸೊನ್ನೆ. ಮೆಮೊರಿ ಟೆಸ್ಟ್‌ನಲ್ಲಿ ಕೆಂಪು ಸಾಲು ಒಂದೂ ಬರಲಿಲ್ಲ, ಆದರೆ ಸುತ್ತು ಮುಗಿಯಲೂ ಇಲ್ಲ. 19ನೇ ನಿಮಿಷಕ್ಕೆ ಯಂತ್ರ ಆರಿತು. ವೈಫೈ ಸಂಖ್ಯೆ 14ಇ4:4315. ಆರ್‌ಎಫ್‌ಕಿಲ್‌ನಲ್ಲಿ ಹಾರ್ಡ್ ಬ್ಲಾಕ್ಡ್ ಎಂಬುದರ ಮುಂದೆ ಯೆಸ್ ಎಂದು ಬರುತ್ತದೆ.

ಅಡಾಪ್ಟರಿನ ಮೇಲೆ ಸಂಶಯ ಬಂದು ಮಲ್ಟಿಮೀಟರ್ ಹಿಡಿದೆ. 19.3 ವೋಲ್ಟ್ ಬರುತ್ತಿದೆ. ಮೇಲೆ 19 ವೋಲ್ಟ್, 3.42 ಆಂಪಿಯರ್ ಎಂದು ಬರೆದಿದೆ. ಆದ್ದರಿಂದ ಅಡಾಪ್ಟರ್ ನಿರಪರಾಧಿ ಎಂದುಕೊಂಡಿದ್ದೇನೆ.

ಬೆಸುಗೆ (ಭಾನುವಾರ, ಮಧ್ಯಾಹ್ನ 3.45)

ನಮಸ್ಕಾರ ಮೇಷ್ಟ್ರೇ. ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು ಹನ್ನೆರಡು ವರ್ಷವಾಯಿತು. ನಿಮ್ಮ ಹಾಗೆ ನಿಮಿಷ ಬರೆದಿಟ್ಟು ಬರುವ ಗಿರಾಕಿ ವರ್ಷಕ್ಕೆ ಒಬ್ಬರು ಸಿಕ್ಕಿದರೆ ಪುಣ್ಯ.

ಮೆಮೊರಿ ಟೆಸ್ಟ್ ನಡೆಯುವಾಗ ಲಿನಕ್ಸ್ ಇರುವುದೇ ಇಲ್ಲ. ಅದು ತಾನೊಂದೇ ಬೂಟ್ ಆಗಿ ಓಡುವ ಪುಟ್ಟ ತಂತ್ರಾಂಶ. ಆಗಲೂ ಯಂತ್ರ ಆರಿತು ಎಂದ ಮೇಲೆ ಮಿಂಟ್, ಡೆಬಿಯನ್, ಪೆನ್‌ಡ್ರೈವ್ ಮೂವರನ್ನೂ ಬಿಟ್ಟುಬಿಡಿ. ತಪ್ಪು ಪೆಟ್ಟಿಗೆಯ ಒಳಗಿದೆ.

ಈಗ ನಿಮ್ಮದೇ ಅಂಕಿಗಳನ್ನು ಓದಿ ನೋಡಿ. ತಂಪು ಹೊತ್ತಿನಲ್ಲಿ 24, ಬಿಸಿಲಿನಲ್ಲಿ 13, ಆರಿದ ಕೂಡಲೇ ಹಾಕಿದರೆ 6. ನೀವೇ ಮಕ್ಕಳಿಗೆ ಕಲಿಸಿದ ಪಾಠ ಇದು. ಯಂತ್ರ ವಿಪರೀತ ಬಿಸಿಯಾಗುತ್ತಿದೆ. ಬಿಸಿ ಮಿತಿ ಮೀರಿದರೆ ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಆರಿಸುತ್ತದೆ, ಅದು ಇಲ್ಲದಾಗ ಬೋರ್ಡೇ ಕೈಬಿಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಬರಿಯ ನಕಲು ನಡೆಯುವುದಿಲ್ಲ, ಒತ್ತಿ ಕಟ್ಟಿಟ್ಟ ಕಡತಗಳನ್ನು ಬಿಚ್ಚುವ ಕೆಲಸ ಪೂರ್ತಿ ಪ್ರೊಸೆಸರಿನದು. ಅದಕ್ಕೇ ಅಲ್ಲೇ ಆರುತ್ತದೆ.

ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಬೇಗ ಆರಿದ್ದಕ್ಕೂ ಕಾರಣವಿದೆ. ಅದು ನೋಮೋಡ್‌ಸೆಟ್ ಎಂಬ ಸೂಚನೆ ಕೊಟ್ಟು ಗ್ರಾಫಿಕ್ಸ್ ಚಾಲಕವನ್ನು (ಡ್ರೈವರ್ ತಂತ್ರಾಂಶ) ಪಕ್ಕಕ್ಕಿಡುತ್ತದೆ. ಆಗ ಪರದೆ ಬಿಡಿಸುವ ಚಾಕರಿಯೂ ಪ್ರೊಸೆಸರಿನ ತಲೆಗೇ ಬರುತ್ತದೆ. ನಿಮ್ಮ ಕಾಲದ ಇಂಟೆಲ್ ಗ್ರಾಫಿಕ್ಸ್‌ಗೆ ಲಿನಕ್ಸಿನಲ್ಲಿ ಒಳ್ಳೆಯ ಚಾಲಕವಿದೆ, ಆ ಮೋಡ್ ನಿಮಗೆ ಬೇಡವೇ ಬೇಡ.

ಅಡಾಪ್ಟರಿನ ವಿಷಯ: ಭಾರವಿಲ್ಲದೆ ಅಳೆದ 19.3 ಅರ್ಧ ಸಾಕ್ಷಿ ಮಾತ್ರ. ಸುಸ್ತಾದ ಅಡಾಪ್ಟರ್ ಸುಮ್ಮನಿದ್ದಾಗ ಸರಿಯಾಗಿ ತೋರಿಸಿ ಕೆಲಸ ಬಿದ್ದಾಗ ಕುಸಿಯುತ್ತದೆ. ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಆರಿದರೆ ಜ್ಯಾಕ್ ಸಡಿಲ. ಆದರೆ ನಿಮ್ಮ ಅಂಕಿಗಳ ಕ್ರಮ ನೋಡಿದರೆ ಅದಲ್ಲ ಎನ್ನಿಸುತ್ತದೆ.

ಖಚಿತ ಮಾಡಿಕೊಳ್ಳಲು ಮಿಂಟ್ ತೆರೆದು, ಸಿಸ್ ಕೋಶದೊಳಗೆ ಕ್ಲಾಸ್, ಅದರೊಳಗೆ ಥರ್ಮಲ್, ಅದರೊಳಗೆ ಥರ್ಮಲ್ ಝೋನ್ 0, ಅದರೊಳಗಿನ ಟೆಂಪ್ ಎಂಬ ಕಡತ ತೆರೆದು ಓದಿ. 60000 ಎಂದಿದ್ದರೆ 60 ಡಿಗ್ರಿ ಎಂದು ಅರ್ಥ. ಎರಡು ಸಲ ಓದಿ, ಬೂಟ್ ಆದ ಕೂಡಲೇ ಒಮ್ಮೆ, ಇನ್‌ಸ್ಟಾಲ್ ಒತ್ತಿ ಐದು ನಿಮಿಷಕ್ಕೆ ಇನ್ನೊಮ್ಮೆ. ಗಾಳಿ ಹೊರಡುವ ಕಿಂಡಿಗೆ ಕೈ ಹಿಡಿಯಿರಿ. ಇಷ್ಟು ಕಾದ ಯಂತ್ರದಿಂದ ಬಿಸಿಗಾಳಿ ಬುಸುಗುಡಬೇಕು.

ವಿಜ್ಞಾನದ ಮೇಷ್ಟ್ರು (ಭಾನುವಾರ, ರಾತ್ರಿ 8.15)

ಬೂಟ್ ಆದಾಗ 71. ಇನ್‌ಸ್ಟಾಲ್ ಒತ್ತಿ ಐದನೇ ನಿಮಿಷಕ್ಕೆ 94. ಮುಂದೆ ಓದುವ ಧೈರ್ಯವಾಗದೆ ನಾನೇ ಆರಿಸಿದೆ. ಫ್ಯಾನ್ ಸದ್ದು ಮಾಡುತ್ತಿದೆ, ಆದರೆ ಕಿಂಡಿಯಲ್ಲಿ ಗಾಳಿಯೇ ಇಲ್ಲ. ಊದಿನಕಡ್ಡಿ ಹಚ್ಚಿ ಹಿಡಿದೆ, ಹೊಗೆ ನೆಟ್ಟಗೆ ಮೇಲೆ ಹೋಯಿತು.

ಉಷ್ಣದ ಪಾಠವನ್ನು ಮೂವತ್ತೊಂದು ಸಲ ಮಾಡಿದವನು ನನ್ನ ಪಟ್ಟಿಯನ್ನೇ ನಾನು ಓದಲಿಲ್ಲ. ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ನೋಡಿಲ್ಲವೆಂದುಕೊಳ್ಳಿ.

ಶಿವಮೊಗ್ಗಕ್ಕೆ ತರುವುದು ಈ ಮಳೆಯಲ್ಲಿ ಕಷ್ಟ. ನಾನೇ ಬಿಚ್ಚಬಹುದೇ?

ಬೆಸುಗೆ (ಭಾನುವಾರ, ರಾತ್ರಿ 9.00)

ಧಾರಾಳವಾಗಿ ಬಿಚ್ಚಿ. ಅಡಾಪ್ಟರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಕೈ ಹಾಕಿ. ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಟೇಪಿನಿಂದ ಅಂಟಿಸಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡನ್ನೇ ತೂತು ಮಾಡುತ್ತದೆ. ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಎಳೆಯಬೇಡಿ, ರಬ್ಬರ್ ಕಾಲಿನ ಕೆಳಗೆ ಒಂದು ಸ್ಕ್ರೂ ಅಡಗಿರುತ್ತದೆ.

ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ. ಬುಗುರಿಯ ಹಾಗೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್ ಮೇಲಿನ ತಾಮ್ರದ ಕೊಳವೆ ತೆಗೆದರೆ, ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಹೊಸದು ಹಾಕಲೇಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಸ ಪೇಸ್ಟ್ ಹೆಸರುಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಸವರಿದ ಹಾಗೆ ಬೇಡ. ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೆತ್ತಿರುತ್ತಾರೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಬಿಚ್ಚಿದಾಗ ನಾಣ್ಯದ ಹಾಗಿರುವ ಸೆಲ್ ಒಂದು ಕಾಣುತ್ತದೆ, ಸಿಆರ್2032. ಅದನ್ನೂ ಬದಲಿಸಿಬಿಡಿ. ನಿಮ್ಮ 2009ರ ಜನವರಿ 1 ಅದರದೇ ಉಪದ್ರವ. ದೊಡ್ಡ ಬ್ಯಾಟರಿ ಇಲ್ಲದ ಯಂತ್ರಕ್ಕೆ ಕರೆಂಟು ಹೋದಾಗ ಗಡಿಯಾರ ಕಾಯುವವನು ಅವನೊಬ್ಬನೇ. ವಯರಿನ ತುದಿಯಲ್ಲಿ ಕಟ್ಟಿದ ಸೆಲ್ ಆದರೆ ವಯರ್ ಸಹಿತವೇ ಕೊಳ್ಳಿ.

ಕಪ್ಪು ಪರದೆ (ಭಾನುವಾರ, ರಾತ್ರಿ 9.40)

ಆ ಮಂಗಳವಾರದ ಗುಟ್ಟು ನಾನು ಹೇಳುತ್ತೇನೆ. ಲಿನಕ್ಸ್ ಏಳುವಾಗ ಉಳಿದೆಲ್ಲವನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಬಯಾಸ್ ಗಡಿಯಾರವನ್ನು ಕುರುಡಾಗಿ ನಂಬುವುದಿಲ್ಲ. ತಾನು ತಯಾರಾದ ದಿನಕ್ಕಿಂತ ಹಿಂದಿನ ತಾರೀಕನ್ನು ಬಯಾಸ್ ಹೇಳಿದರೆ, ನಾನು ಹುಟ್ಟುವ ಮೊದಲೇ ನನ್ನನ್ನು ಓಡಿಸಲು ಸಾಧ್ಯವಿಲ್ಲ ಎಂದು ತರ್ಕಿಸಿ ಗಡಿಯಾರವನ್ನು ತನ್ನ ಜನ್ಮದಿನಕ್ಕೆ ಮುಂದೂಡುತ್ತದೆ. ನೀವು ನೋಡಿದ್ದು ಅದರ ಹುಟ್ಟಿದ ಮಂಗಳವಾರ. ಇಂಟರ್‌ನೆಟ್ ಸಿಕ್ಕಿದ ಮೇಲೆ ಸರಿಯಾದ ಸಮಯವನ್ನು ತಾನೇ ತರಿಸಿಕೊಳ್ಳುತ್ತದೆ.

ವೈಫೈ: ಹಾರ್ಡ್ ಬ್ಲಾಕ್ಡ್ ಯೆಸ್ ಎಂದರೆ ಎಲ್ಲೋ ಒಂದು ಸ್ವಿಚ್ ಆರಿದೆ ಎಂದರ್ಥ. ಆ ಕಾಲದ ಯಂತ್ರಗಳಲ್ಲಿ ಮುಂದಿನ ಅಂಚಿನಲ್ಲಿ ಉಗುರಿನಿಂದ ಸರಿಸುವ ಪುಟ್ಟ ಸ್ವಿಚ್ ಇರುತ್ತಿತ್ತು. ಅದನ್ನು ಸರಿಸಿದರೂ ಸಾಲದು. 14ಇ4:4315 ಚಿಪ್ಪಿಗೆ ಲಿನಕ್ಸಿನಲ್ಲಿ ಬಿ43 ಎಂಬ ಚಾಲಕವಿದೆ. ಆದರೆ ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತವನ್ನು ಲಿನಕ್ಸ್ ವಿತರಣೆಗಳು ಜೊತೆಗಿಟ್ಟು ಹಂಚುವಂತಿಲ್ಲ, ಪರವಾನಗಿ ಬಿಡುವುದಿಲ್ಲ. ಡೆಬಿಯನ್ 2023ರ 12ನೇ ಆವೃತ್ತಿಯಿಂದ ಸ್ವತಂತ್ರವಲ್ಲದ ಫರ್ಮ್‌ವೇರ್‌ಗಳನ್ನು ಇನ್‌ಸ್ಟಾಲರ್ ಒಳಗೇ ಇಡುತ್ತಿದ್ದರೂ ಇದು ಅದರಲ್ಲಿ ಬರುವುದಿಲ್ಲ. ಹೀಗಾಗಿ ವೈಫೈ ಬರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ವೈಫೈ ಬೇಕು ಎಂಬ ಫಜೀತಿ.

ಇದಕ್ಕೆ ಮೊಬೈಲೇ ಉಪಾಯ. ಮೊಬೈಲನ್ನು ಚಾರ್ಜಿಂಗ್ ವಯರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮಿಂಟ್ ಅದನ್ನು ವಯರಿನ ಜಾಲ ಎಂದುಕೊಂಡು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ, ತಂತ್ರಾಂಶ ತರಿಸುವ ಎಪಿಟಿ ಆಜ್ಞೆಯಿಂದ, ಮೊದಲು ಸುಡೊ ಎಪಿಟಿ ಅಪ್‌ಡೇಟ್, ನಂತರ ಸುಡೊ ಎಪಿಟಿ ಇನ್‌ಸ್ಟಾಲ್ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್.

ಎಂಟನೇ ಮಹಡಿ (ಭಾನುವಾರ, ರಾತ್ರಿ 10.10)

ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ತಯಾರಕರದೇ ಡಬ್ಲ್ಯುಎಲ್ ಚಾಲಕ ತೋರಿಸುತ್ತದೆ, ಒಂದು ಕ್ಲಿಕ್. ಟರ್ಮಿನಲ್ ಏಕೆ? (ಮೇಷ್ಟ್ರೇ, ನಿನ್ನೆಯ ಮಾತಿಗೆ ಬೇಸರ ಬೇಡ. ನಮ್ಮ ಮನೆಯಲ್ಲೂ ಅಪ್ಪನ ರೇಡಿಯೊ ಇನ್ನೂ ಇದೆ.)

ಕಪ್ಪು ಪರದೆ (ಭಾನುವಾರ, ರಾತ್ರಿ 10.25)

ಅದೂ ನಡೆಯುತ್ತದೆ. ಆದರೆ ಅದನ್ನು ಪ್ರತಿ ಹೊಸ ಕರ್ನಲ್‌ಗೂ ಹೊಂದಿಸಿ ಮತ್ತೆ ಕಟ್ಟಬೇಕು. ಯಾವುದೋ ಒಂದು ಅಪ್‌ಡೇಟಿನ ಮರುದಿನ ಮೇಷ್ಟ್ರ ವೈಫೈ ಮಾಯವಾದರೆ ಹಳ್ಳಿಯಲ್ಲಿ ಯಾರನ್ನು ಕೇಳುತ್ತಾರೆ? ಬಿ43 ಕರ್ನಲ್‌ನ ಒಳಗೇ ಇದೆ, ಫರ್ಮ್‌ವೇರ್ ಒಮ್ಮೆ ತುಂಬಿದರೆ ಮುಗಿಯಿತು. ವೇಗ ಸ್ವಲ್ಪ ಕಡಿಮೆ ಬರಬಹುದು, ಅವರಿಗೆ ಬೇಕಾದದ್ದು ಟೈಪಿಂಗ್ ತಾನೆ.

ವಿಜ್ಞಾನದ ಮೇಷ್ಟ್ರು (ಗುರುವಾರ, ರಾತ್ರಿ 8.50)

ಮೂರು ದಿನ ಸುಮ್ಮನಿದ್ದೆ, ಏಕೆಂದರೆ ಪೇಸ್ಟ್ ಮತ್ತು ಸೆಲ್ ಸಾಗರದಿಂದ ಬರಬೇಕಿತ್ತು. ಬಸ್ಸಿನ ಕಂಡಕ್ಟರ್ ತಂದುಕೊಟ್ಟರು.

ನಿನ್ನೆ ಜಗಲಿಯ ಬೆಳಕಿನಲ್ಲಿ ಬಿಚ್ಚಿದೆ. ಹದಿನಾರು ಸ್ಕ್ರೂ, ಹದಿನೇಳನೆಯದು ಬೆಸುಗೆಯವರು ಹೇಳಿದ ಹಾಗೆ ರಬ್ಬರ್ ಕಾಲಿನ ಅಡಿಯಲ್ಲಿ. ಫ್ಯಾನು ನೋಡಲು ಚೊಕ್ಕಟವಾಗಿಯೇ ಇತ್ತು, ಹಾಗಾಗಿ ಒಂದು ಕ್ಷಣ ಎದೆ ಧಸಕ್ಕೆಂದಿತು. ಫ್ಯಾನನ್ನು ಎತ್ತಿದ ಮೇಲೆ ಗೊತ್ತಾಯಿತು. ಫ್ಯಾನಿಗೂ ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳು ರೆಕ್ಕೆಗಳಿಗೂ ನಡುವೆ, ಗಾಳಿ ಹೊರಡುವ ಬಾಯಿಗೇ ಅಂಟಿಕೊಂಡು, ಬೂದು ಬಣ್ಣದ ಒಂದು ಪಟ್ಟಿ. ಕಿರುಬೆರಳಿನಷ್ಟು ಉದ್ದ, ಮೂರು ಮಿಲಿಮೀಟರ್ ದಪ್ಪ. ಚಿಮಟದಿಂದ ಹಿಡಿದು ಎಳೆದರೆ ಹರಿಯದೆ ಇಡೀ ಪಟ್ಟಿ ಬಂತು, ಕಂಬಳಿಯಿಂದ ಕತ್ತರಿಸಿದ ತುಂಡಿನ ಹಾಗೆ. ಒಂದು ಮಗ್ಗುಲಲ್ಲಿ ರೆಕ್ಕೆಗಳ ಗೆರೆ ಅಚ್ಚೊತ್ತಿದ ಹಾಗೆ ಮೂಡಿತ್ತು. ಮೂಸಿ ನೋಡಿದೆ, ಅಡುಗೆಮನೆಯ ಹೊಗೆಯ ವಾಸನೆ. ಮಗ ಹಾಸಿಗೆಯ ಮೇಲಿಟ್ಟು ಸಿನಿಮಾ ನೋಡಿದ ಹತ್ತಿಯ ಎಳೆ, ಆಮೇಲೆ ನಾನು ಒಲೆಯ ಗೋಡೆಯ ಪಕ್ಕದ ಮೇಜಿನಲ್ಲಿಟ್ಟು ಕೂಡಿಸಿದ ಮಸಿ. ಇಬ್ಬರದೂ ಸಮಪಾಲು. ಪಟ್ಟಿಯನ್ನು ಎಸೆದಿಲ್ಲ, ಮಗ ಬಂದಾಗ ತೋರಿಸಬೇಕು.

ಹಳೆಯ ಪೇಸ್ಟ್ ಸುಣ್ಣದ ಡಬ್ಬಿಯ ಅಂಚಿನಲ್ಲಿ ಒಣಗಿದ ಸುಣ್ಣದಂತೆ ಪುಡಿಪುಡಿಯಾಗಿ ಉದುರಿತು. ಒರೆಸಿ ಹೆಸರುಕಾಳು ಇಟ್ಟೆ (ಅಳತೆಗೆ ನಿಜವಾದ ಹೆಸರುಕಾಳನ್ನೇ ಪಕ್ಕದಲ್ಲಿಟ್ಟುಕೊಂಡಿದ್ದೆ). ಸೆಲ್ ತೆಗೆದು ಅಳೆದರೆ 0.8 ವೋಲ್ಟ್. ಮೂರು ಇರಬೇಕಾದದ್ದು.

ಮುಚ್ಚಿ ಗುಂಡಿ ಒತ್ತಿದೆ. ಬೂಟ್ ಆದಾಗ 48 ಡಿಗ್ರಿ. ಇನ್‌ಸ್ಟಾಲ್ ನಡೆಯುವಾಗ ಅತಿ ಹೆಚ್ಚೆಂದರೆ 76. ಊದಿನಕಡ್ಡಿಯ ಹೊಗೆ ಈಗ ಕಿಂಡಿಯ ಮುಂದೆ ನಿಲ್ಲುವುದೇ ಇಲ್ಲ. 31 ನಿಮಿಷದಲ್ಲಿ ಇನ್‌ಸ್ಟಾಲ್ ಮುಗಿಯಿತು. ಮುಂದಿನ ಅಂಚಿನ ಸ್ವಿಚ್ಚೂ ಸಿಕ್ಕಿತು, ಇಷ್ಟು ವರ್ಷ ಅದನ್ನು ಮುಚ್ಚಳದ ಚಿಲಕ ಎಂದುಕೊಂಡಿದ್ದೆ. ಮೊಬೈಲ್ ಸಿಕ್ಕಿಸಿ ಬಿ43 ತರಿಸಿದೆ. ಮೊದಲ ಸಲ ಟೈಪಿಸುವಾಗ ಅಡ್ಡಗೆರೆ ಬಿಟ್ಟು ಬೈಸಿಕೊಂಡೆ, ಎರಡನೆಯ ಸಲ ಆಯಿತು. ಈ ಉತ್ತರವನ್ನು ಅದೇ ಯಂತ್ರದಿಂದ, ವೈಫೈನಲ್ಲಿ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಕೀಲಿಮಣೆಯಲ್ಲಿ ನುಡಿಯ ವಿನ್ಯಾಸವೇ ಬೇಕು. ಈ ವಯಸ್ಸಿನಲ್ಲಿ ಬೆರಳಿಗೆ ಇನ್ನೊಂದು ಪಾಠ ಹೇಳಲಾರೆ.

ಕಪ್ಪು ಪರದೆ (ಗುರುವಾರ, ರಾತ್ರಿ 9.15)

ಶಹಬ್ಬಾಸ್ ಮೇಷ್ಟ್ರೇ! ಕನ್ನಡ ಟೈಪಿಸಲು ನೆರವಾಗುವ ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿಕೊಳ್ಳಿ. ಅದರ ಕನ್ನಡ ಪಟ್ಟಿಯಲ್ಲಿ ಕೆಜಿಪಿ ಎಂಬುದು ನಿಮಗೆ ರೂಢಿಯಾದ ವಿನ್ಯಾಸವೇ. ಬರುವುದು ಮಾತ್ರ ಯೂನಿಕೋಡ್ ಅಕ್ಷರ, ಮುಂದೆ ಯಾರ ಮೊಬೈಲಿನಲ್ಲಿ ತೆರೆದರೂ ಚೌಕ ಚೌಕವಾಗಿ ಕಾಣುವುದಿಲ್ಲ. ಅಕ್ಷರ ದೊಡ್ಡದಾಗಿ ಓದಲು ಗುಬ್ಬಿ, ನವಿಲು ಎಂಬ ಫಾಂಟುಗಳನ್ನೂ ಎಪಿಟಿಯಿಂದಲೇ ತರಿಸಬಹುದು.

ಬೆಸುಗೆ (ಗುರುವಾರ, ರಾತ್ರಿ 9.50)

ಮೇಜನ್ನು ಒಲೆಯ ಗೋಡೆಯಿಂದ ಸರಿಸಿದಿರಾ?

ವಿಜ್ಞಾನದ ಮೇಷ್ಟ್ರು (ಶನಿವಾರ, ಬೆಳಿಗ್ಗೆ 7.30)

ಸರಿಸಿದೆ. ಮನೆಯವರು ಮೂರು ವರ್ಷದಿಂದ ಸರಿಸಿ ಎನ್ನುತ್ತಿದ್ದರು, ಬೇರೆ ಕಾರಣಕ್ಕೆ.

ನಿನ್ನೆ ರಾತ್ರಿ ಗಾಳಿಮಳೆಗೆ ಕರೆಂಟು ಹೋದದ್ದು ಬೆಳಿಗ್ಗೆ ಬಂತು. ಹೊಸ ಸೆಲ್‌ನ ಪರೀಕ್ಷೆ ಎಂದು ಮೊದಲು ಬಯಾಸ್ ತೆರೆದೆ. ತಾರೀಕು ಸರಿ, ಸಮಯ ಮಾತ್ರ ನಡುರಾತ್ರಿ ಕಳೆದು ಒಂದೂ ಮುಕ್ಕಾಲು! ಅಂಗಡಿಯವರು ಹಳೆಯ ಸೆಲ್ ದಾಟಿಸಿದರು ಎಂದು ಬೈಯಲು ಫೋನ್ ಎತ್ತಿಕೊಂಡೆ. ಆಮೇಲೆ ಕಳೆದು ನೋಡಿದೆ. ವ್ಯತ್ಯಾಸ ಸುಮಾರು ಐದೂವರೆ ಗಂಟೆ. ಫೋನ್ ಕೆಳಗಿಟ್ಟೆ. ಮಿಂಟ್ ಒಳಗೆ ಹೋದರೆ ಭಾರತೀಯ ಸಮಯವನ್ನೇ ತೋರಿಸುತ್ತಿದೆ. ಲಿನಕ್ಸ್ ಬಯಾಸ್‌ನೊಳಗೆ ಗ್ರೀನಿಚ್ ಸಮಯ ಇಟ್ಟುಕೊಳ್ಳುತ್ತದೆ ಎಂದು ನೀವು ಯಾರೂ ಹೇಳಲಿಲ್ಲ, ಆದರೆ ಈ ಸಲದ ಅಂಕಿಯನ್ನಾದರೂ ನಾನೇ ಓದಿದೆ.

ಐದೂವರೆ ಕೂಡಿಸಿದರೂ ಗೋಡೆಯ ಗಡಿಯಾರಕ್ಕೆ ನಾಲ್ಕು ನಿಮಿಷ ತಾಳೆಯಾಗಲಿಲ್ಲ. ಮೊಬೈಲ್ ತೆಗೆದು ನೋಡಿದೆ. ಗೋಡೆಯದೇ ಹಿಂದಿತ್ತು.